ಅತ್ತೆಯವರ ಹೊಲ ನನ್ನ ಕೈಗೆ ಬಂದದ್ದು

ಹೆದರುವವನನ್ನೇ ಹುಡುಕಿಕೊಂಡು ಹೆದರಿಕೆಯ ಕೆಲಸಗಳು ಬರುತ್ತವೆ. ನನ್ನ ವಿಷಯದಲ್ಲಂತೂ ಇದು ಒಮ್ಮೆಯೂ ತಪ್ಪಿಲ್ಲ. ನಾನು ತುಮಕೂರು ಕಡೆಯವನು. ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಸುರಕ್ಷತಾ ವಿಭಾಗದ ಇಂಜಿನಿಯರ್. ಏನೇನು ಕೆಡಬಹುದು ಎಂದು ಎಲ್ಲರಿಗಿಂತ ಮುಂಚೆ ಹೆದರುವುದೇ ನನ್ನ ಕೆಲಸ. ಇಪ್ಪತ್ತೆರಡು ವರ್ಷದ ಈ ಅಭ್ಯಾಸ ಈಗ ಮನೆಯಲ್ಲೂ ಬಿಡುವುದಿಲ್ಲ.

ಹೀಗಿರುವಾಗ ವಿಜಯವಾಡದ ನಮ್ಮ ಅತ್ತೆ ತಮ್ಮ ಹೊಲವನ್ನು ನನಗೆ ಒಪ್ಪಿಸಿದರು. ಹೊಲವೆಂದರೆ ಕಂಪ್ಯೂಟರ್ ಆಟದೊಳಗಿನ ಹೊಲ. ಮಾವ ತೀರಿಕೊಂಡಾಗ ಹೊತ್ತು ಹೋಗಲಿ ಎಂದು ನನ್ನ ಹೆಂಡತಿ ಹಾಕಿಕೊಟ್ಟಿದ್ದ ಆಟ. ನಾಲ್ಕು ವರ್ಷದಲ್ಲಿ ಅತ್ತೆ ಅದರಲ್ಲಿ ಮಾವಿನ ತೋಪು ಬೆಳೆಸಿ, ಕೆರೆ ತೋಡಿಸಿ, ಏಳು ಎಮ್ಮೆ ಕಟ್ಟಿದ್ದರು. ಎಮ್ಮೆಗಳಿಗೆಲ್ಲ ತಮ್ಮ ನಾದಿನಿಯರ ಹೆಸರು. ಈಗ ಸೊಂಟನೋವಿನಿಂದ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ. ನಿಮ್ಮ ಹತ್ತಿರ ಕೈಯಲ್ಲಿ ಹಿಡಿದು ಆಡುವ ಪುಟ್ಟ ಕಂಪ್ಯೂಟರ್ ಇದೆಯಲ್ಲ, ಅದರಲ್ಲಿ ಹಾಕಿಕೊಟ್ಟರೆ ಅಮ್ಮ ಮಂಚದ ಮೇಲೆ ಒರಗಿಕೊಂಡೇ ಆಡಬಹುದು ಎಂದಳು ಹೆಂಡತಿ. ನಾನು ಹೂಂ ಅಂದುಬಿಟ್ಟೆ.

ತೆಲುಗರ ಮನೆಯಲ್ಲಿ ಅಳಿಯನಿಗೆ ಇರುವ ಮರ್ಯಾದೆ ಅನುಭವಿಸಿದವರಿಗೇ ಗೊತ್ತು. ಬೈಯುವ ಅತ್ತೆಯಾದರೆ ಹೇಗೋ ನಿಭಾಯಿಸಬಹುದು. ಅಳಿಯ ಹೊಲವನ್ನೇ ಅಳಿಸಿಹಾಕಿದರೂ ಒಂದು ಮಾತೂ ಆಡದೆ ಎಲೆಗೆ ಇನ್ನೊಂದು ಬೊಬ್ಬಟ್ಟು ಬಡಿಸುವ ಅತ್ತೆಯನ್ನು ಏನು ಮಾಡುವುದು? ನನಗೆ ಆ ಬೊಬ್ಬಟ್ಟಿನದೇ ಭಯ.

೧. ಹಿಂಬಾಗಿಲು

ಈ ಯಂತ್ರ ಮಾಡಿದವರಿಗೆ ತಮ್ಮದೇ ಆಟದ ಅಂಗಡಿಯಿದೆ. ಅಲ್ಲಿಯ ಆಟವಾದರೆ ಒಂದು ಗುಂಡಿ ಒತ್ತಿದರೆ ಸಾಕು. ಅತ್ತೆಯ ಆಟ ಬೇರೆ ಅಂಗಡಿಯದು. ಅದನ್ನು ತರಬೇಕಾದರೆ ಯಂತ್ರದ ಹಿಂಬಾಗಿಲು ತೆರೆದು, ಯಾರೋ ಪುಣ್ಯಾತ್ಮರು ಬರೆದ ಒಂದು ತಂತ್ರಾಂಶ ಹಾಕಿ, ಅದರ ಮೂಲಕ ಆ ಅಂಗಡಿಗೆ ಹೋಗಬೇಕು.

ತಂತ್ರಾಂಶ ಹಾಕಲು ಹೋದರೆ ಒಂದು ಎಚ್ಚರಿಕೆ ಬಂತು. ಇದರಿಂದ ಏನಾದರೂ ಆದರೆ ನೀವೇ ಜವಾಬ್ದಾರರು, ಒಪ್ಪಿಗೆಯೇ? ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಕಾಗದಕ್ಕೆ ನಾನು ರುಜು ಹಾಕಿದವನಲ್ಲ, ಬೇರೆಯವರಿಂದ ಹಾಕಿಸಿದವನು. ಬೆರಳು ಗುಂಡಿಯ ಮೇಲಿಟ್ಟು ಹಾಗೇ ಕೂತೆ. ಕಾಫಿ ಆರಿತು. ಹೆಂಡತಿ ಲೋಟ ಎತ್ತಲು ಬಂದವಳು ನನ್ನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿಬಿಟ್ಟಳು.

ಏನಿದು, ಏನಾದರೂ ಆಗಿದ್ದರೆ ಎಂದು ಕೇಳಿದೆ. ಮದುವೆಗೂ ಹೀಗೇ ಯಾರೋ ಒತ್ತಿಯೇ ತಾನೇ ನೀವು ಒಪ್ಪಿದ್ದು, ಏನಾಯಿತು ಈಗ ಎಂದಳು.

೨. ಒಟಿಪಿ

ಆ ಅಂಗಡಿಯ ಖಾತೆ ಅತ್ತೆಯ ಹೆಸರಿನಲ್ಲಿತ್ತು. ಒಳಗೆ ಹೋಗಲು ಅವರ ಫೋನಿಗೆ ಬರುವ ಆರು ಅಂಕಿ ಬೇಕು. ವಿಜಯವಾಡಕ್ಕೆ ಫೋನ್ ಮಾಡಿ ಕೇಳಿದೆ. ಅವರು ಟಿವಿಯಲ್ಲಿ ದಿನವೂ ನೋಡುತ್ತಿದ್ದರಂತೆ, ಒಟಿಪಿಯನ್ನು ಹೆತ್ತ ಮಕ್ಕಳಿಗೂ ಹೇಳಬಾರದು, ಈಗ ಕಳ್ಳರು ನೆಂಟರ ದನಿಯಲ್ಲೇ ಮಾತಾಡುತ್ತಾರೆ ಎಂದು. ಬಹಳ ಮರ್ಯಾದೆಯಿಂದಲೇ, ತಾವು ಯಾರು ಅಂತ ಗೊತ್ತಾಗೋದು ಹೇಗೆ ಎಂದರು.

ಅಂಕಿ ಕೆಲವೇ ನಿಮಿಷ ಬದುಕಿರುತ್ತದೆ. ಹೆಂಡತಿ ಬೇರೆ ಸೀರೆ ತರಲು ಇಲ್ಲಿಯ ದ್ವಾರಕಾ ನಗರದ ಪೇಟೆಗೆ ಹೋಗಿದ್ದಳು. ನನಗೆ ಬರುವ ತೆಲುಗನ್ನೆಲ್ಲ ಒಟ್ಟುಮಾಡಿ, ನಾನು ಕಳ್ಳನಲ್ಲ, ನಿಮ್ಮ ಅಳಿಯ, ದಯವಿಟ್ಟು ನಂಬಿ ಎಂದು ಬೇಡಿಕೊಂಡೆ. ತಕ್ಷಣ ಅತ್ತೆ ಆರೂ ಅಂಕಿ ಹೇಳಿದರು.

ಆಮೇಲೆ ಹೆಂಡತಿಗೆ ಹೇಳಿದರಂತೆ: "ಕಳ್ಳನಾಗಿದ್ದರೆ ಇಷ್ಟು ಕೆಟ್ಟ ತೆಲುಗು ಇಟ್ಟುಕೊಂಡು ಈ ಕೆಲಸಕ್ಕೆ ಬರ್ತಿರಲಿಲ್ಲ."

೩. ಕೆಂಪು ಚೀಟಿ

ಆ ವಾರವೇ ಅತ್ತೆಯ ಹಳೆಯ ಕಂಪ್ಯೂಟರ್ ಕಣ್ಣು ಮುಚ್ಚಿತು. ಇನ್ನು ಹೊಲ ಉಳಿದದ್ದು ಆ ಅಂಗಡಿಯವರು ತಮ್ಮಲ್ಲಿ ಇಟ್ಟುಕೊಂಡಿದ್ದ ಪ್ರತಿಯಲ್ಲಿ ಮಾತ್ರ. ಅತ್ತೆಯೇ ರೈಲು ಹತ್ತಿ ಬಂದರು. ದುವ್ವಾಡ ನಿಲ್ದಾಣದಲ್ಲಿ ಇಳಿಸಿಕೊಂಡು ಕಾರ್ಖಾನೆಯ ಟೌನ್‌ಶಿಪ್ಪಿನ ಮನೆಗೆ ಕರೆತಂದೆ.

ಭಾನುವಾರ ಮಧ್ಯಾಹ್ನ ಆಟ ಇಳಿಸಲು ಶುರುಮಾಡಿದೆ. ನಡುವೆ ಕರೆಂಟು ಹೋಗಿ ಇಂಟರ್‌ನೆಟ್ ನಿಂತರೆ? ಮೆಟ್ಟಿಲ ಕೆಳಗಿನ ನಮ್ಮ ಮನೆಯ ಮೈನ್ ಸ್ವಿಚ್ಚನ್ನು ಯಾರಾದರೂ ಮುಟ್ಟಿದರೆ? ಕಾರ್ಖಾನೆಯ ಕೆಂಪು ಚೀಟಿಯೊಂದು ನನ್ನ ಬ್ಯಾಗಿನಲ್ಲಿತ್ತು. 'ಅಪಾಯ, ಮುಟ್ಟಬೇಡಿ' ಎಂದು ಬರೆದಿರುತ್ತದೆ. ಅದನ್ನು ಸ್ವಿಚ್ಚಿಗೆ ಕಟ್ಟಿ ಬಂದೆ.

ಕೆಳಮನೆಯವರು ನಮ್ಮ ಕಾರ್ಖಾನೆಯ ಫೋರ್‌ಮನ್. ಪಾಳಿ ಮುಗಿಸಿ ಬಂದವರು ಚೀಟಿ ನೋಡಿದರು. ನಮ್ಮಲ್ಲಿ ಆ ಚೀಟಿ ಕಟ್ಟುವುದು ತಂತಿಯ ಮೇಲೆ ಮನುಷ್ಯ ಕೆಲಸ ಮಾಡುತ್ತಿರುವಾಗ, ಸ್ವಿಚ್ಚು ಆರಿಸಿದ ಮೇಲೆ. ಇಲ್ಲಿ ಚೀಟಿಯಿದೆ, ಸ್ವಿಚ್ಚು ಹಾಕಿಯೇ ಇದೆ. ಮೇಲೆ ನಾನು ತಂತಿ ಹಿಡಿದು ನಿಂತಿದ್ದೇನೆ ಎಂದುಕೊಂಡರು. ಸ್ವಿಚ್ಚು ಆರಿಸಿ, ಸಾರ್ ಬದುಕಿದ್ದೀರಾ ಎಂದು ಕೂಗುತ್ತ ಮೇಲಕ್ಕೆ ಓಡಿ ಬಂದರು.

ಆಗಷ್ಟೇ ಆಟ ಇಳಿದು, ಹೊಲ ಬರಬೇಕಾದ ಕ್ಷಣ. ಇಂಟರ್‌ನೆಟ್ ಸತ್ತಿತು. ಹೊಲ ಸಿಗದ ಆಟ ತಾನೇ ಹೊಸದೊಂದು ಹೊಲ ಮಾಡಿಕೊಂಡಿತು. ಒಂದು ಗುಡಿಸಲು, ಒಂದು ಕೋಳಿ. ತೋಪಿಲ್ಲ, ಕೆರೆಯಿಲ್ಲ, ಒಬ್ಬ ನಾದಿನಿಯೂ ಇಲ್ಲ. ಫೋರ್‌ಮನ್ ಆ ಚೀಟಿಯನ್ನು ಕಟ್ಟಿದವರೇ ಬಿಚ್ಚಬೇಕು ಎಂದು ಪಟ್ಟು ಹಿಡಿದು ನನ್ನನ್ನು ಕೆಳಗೆ ಕರೆದೊಯ್ದರು. ನಿಯಮ ನಾನೇ ಅವರಿಗೆ ಕಲಿಸಿದ್ದು.

ಕರೆಂಟು ಬಂದ ಮೇಲೆ ಪರದೆಯಲ್ಲಿ ಪ್ರಶ್ನೆ: ಎರಡು ಹೊಲಗಳಿವೆ, ಅಂಗಡಿಯದನ್ನು ಇಟ್ಟುಕೊಳ್ಳಲೋ ಇಲ್ಲಿಯದನ್ನೋ, ಇನ್ನೊಂದು ಅಳಿದುಹೋಗುತ್ತದೆ. ಅಂಗಡಿಯದು ಎಂದರೆ ಯಾವುದು, ಇಲ್ಲಿಯದು ಎಂದರೆ ಯಾವುದು, ಎಲ್ಲ ತಿಳಿದಿದ್ದರೂ ತಲೆ ಕಲ್ಲಾಗಿತ್ತು. ಅತ್ತೆಯ ಕಡೆ ನೋಡಿದೆ.

"ನೀವೇ ನೋಡಿ ಅಲ್ಲುಡುಗಾರು, ಏನಾದರೂ ನಾನು ಏನೂ ಅಂದ್ಕೊಳ್ಳೋಲ್ಲ," ಎಂದು ಅಳಿಯನಿಗೆ ಮರ್ಯಾದೆ ಕೊಟ್ಟರು.

ಅಡುಗೆಮನೆಯಿಂದ ಬೊಬ್ಬಟ್ಟಿನ ವಾಸನೆ ಬರುತ್ತಿತ್ತು. ಕಣ್ಣು ಮುಚ್ಚಿ, ಅಂಗಡಿಯದು ಎಂದು ಒತ್ತಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೆರೆ ಬಂತು, ತೋಪು ಬಂತು, ಏಳು ನಾದಿನಿಯರೂ ಸಾಲಾಗಿ ಬಂದು ನಿಂತರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂದಿತ್ತು ಎಂದು ಹೇಳಲು ನಾಚಿಕೆಯಿಲ್ಲ.

ಅತ್ತೆ ಎಮ್ಮೆಗಳನ್ನು ಒಮ್ಮೆ ಎಣಿಸಿ, ಸೆರಗಿನ ಗಂಟು ಬಿಚ್ಚಿ ಒಂದು ಪೆನ್ ಡ್ರೈವ್ ತೆಗೆದು ಮಗಳಿಗೆ ಕೊಟ್ಟರು. ಇನ್ನು ಇದು ಬೇಕಾಗಲ್ಲಮ್ಮ ಎಂದರು. ನಾನು ಹೂಂ ಎಂದ ದಿನವೇ ತಾಯಿ ಮಗಳು ಸೇರಿ ಹೊಲದ ಪ್ರತಿ ತೆಗೆದಿಟ್ಟಿದ್ದರು. ಇನ್ನೊಂದು ವಿಜಯವಾಡದ ದೇವರಗೂಡಿನಲ್ಲಿತ್ತು.

ಒಂದು ಮಾತು ಹೇಳಬಾರದಿತ್ತೇ ಎಂದು ಹೆಂಡತಿಯನ್ನು ಕೇಳಿದೆ.

"ಹೇಳಿದ್ರೆ ನಿಮಗೆ ಭಯ ಹೋಗ್ತಿತ್ತು. ಭಯ ಇಲ್ದೆ ನೀವು ಯಾವ ಕೆಲಸ ಸರಿಯಾಗಿ ಮಾಡಿದ್ದೀರಿ?"