ಕೇಶ್ವಾಪುರದ ಒಲೆಸಾಹೇಬರಿಗೆ, ಸಾರಿಸುವ ವಿಷಯವಾಗಿ

ಮಾನ್ಯರೇ,

ನಾಲ್ಕು ಸಿಂಹಪಾದಗಳ ಮೇಲೆ ನಮ್ಮ ಅಡಿಗೆಮನೆಯಲ್ಲಿ ಬಿಜಯಂಗೈದಿರುವ, ಎರಕದ ಮೈಯ, ಹಿತ್ತಾಳೆ ಹಿಡಿಕೆಯ, ವಿಲಾಯತಿ ಹುಟ್ಟಿನ ಕಬ್ಬಿಣದೊಲೆಯವರಿಗೆ ಕೇಶ್ವಾಪುರದ ಮಹಾಂತಯ್ಯ ಮಾಡುವ ಅನೇಕ ಶರಣಾರ್ಥಿಗಳು.

ಹಾಂ, ನಿನ್ನೆ ನಮ್ಮ ಮಾತು ನಿಂತದ್ದು ತಮ್ಮ ಹೊಗೆಗೊಳವೆಯ ಹತ್ತಿರ. ಅದರೊಳಗೆ ಕುಂಚ ತೂರಿಸಿದೊಡನೆ ಅಲ್ಲಿದ್ದ ಮಸಿಯೆಲ್ಲ ನನ್ನ ತಲೆಯ ಮೇಲೆ ಇಳಿದದ್ದರಿಂದ ನಾನು ಮಾತು ಅರ್ಧಕ್ಕೆ ಬಿಟ್ಟು ಬಚ್ಚಲಿಗೆ ಓಡಬೇಕಾಯಿತು. ತಾವು ಅಗೌರವವೆಂದು ಭಾವಿಸಬಾರದು. ಇಂದು ಉಳಿದದ್ದನ್ನು ಹೇಳಿಬಿಡುತ್ತೇನೆ. ತಾವು ಓದಲಾರಿರೆಂದು ಬಲ್ಲೆ. ಅದಕ್ಕೇ ಊರಾದರೂ ಓದಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಹೊತ್ತು ಕಡಿಮೆ. ದೀಪ ಹಚ್ಚುವ ಸಮಯಕ್ಕೆ ಕಾಸಿಮಸಾಬನ ಟಾಂಗಾ ಬರುವುದಿದೆ. ನನ್ನ ಅಕ್ಕ ಚನ್ನಬಸವ್ವ ತನ್ನ ಗಂಟನ್ನು ಅದರಲ್ಲಿ ಹೇರಿಕೊಂಡು ಹೋಗಿ ಅಣ್ಣಿಗೇರಿಯ ರೈಲು ಹಿಡಿಯುವವಳಿದ್ದಾಳೆ, ಮತ್ತು ಅದಕ್ಕೆ ಏಕಮೇವ ಕಾರಣರು ತಾವು.

ರೈಲ್ವೆ ಸಾಹೇಬರೊಬ್ಬರು ವಿಲಾಯತಿಗೆ ಮರಳುವಾಗ ನಡೆದ ಲಿಲಾವಿನಲ್ಲಿ ಸವಾಲು ಕೂಗಿ ನಾನು ತಮ್ಮನ್ನು ಕೊಂಡೆ. ಮನೆಯವಳು ಲಿಂಗೈಕ್ಯಳಾಗಿದ್ದಳು, ಇನ್ನು ನನ್ನ ಅಡಿಗೆ ನಾನೇ ಮಾಡಿಕೊಳ್ಳುವೆನೆಂದೂ, ಅದನ್ನು ಸಾಹೇಬರ ಹಾಗೆ ನಿಂತುಕೊಂಡೇ ಮಾಡುವೆನೆಂದೂ ನನಗೊಂದು ಹಟ. ಕೆಲವು ದಿನ ನಾನು ಬೇಯಿಸಿದ್ದನ್ನು ನಾನೇ ಉಂಡೆ. ಆಮೇಲೆ ಅಣ್ಣಿಗೇರಿಯಿಂದ ಅಕ್ಕ ಬಂದಳು. "ನೀ ಸೊರಗಿದ್ದು ದುಃಖಕ್ಕಲ್ಲೋ ಮಾಂತ್ಯಾ, ನಿನ್ನ ಸಾರಿಗೆ," ಎಂದು ಸೆರಗು ಬಿಗಿದಳು.

ತಾವು ಎದೆಮಟ್ಟ ಎತ್ತರದವರು; ಆಕೆ ಜನ್ಮವೆಲ್ಲ ಕುಳಿತು ಅಡಿಗೆ ಮಾಡಿದವಳು. ಆದರೂ ತಮ್ಮ ದೊಡ್ಡಸ್ತಿಕೆಗೆ ತಲೆಬಾಗಿ, ಮೇಜಿನ ಮೇಲೆ ಮಣೆ ಹಾಕಿ, ಪಟ್ಟಾಭಿಷೇಕವಾದವಳಂತೆ ಅದರ ಮೇಲೆ ಕುಳಿತು ರೊಟ್ಟಿ ಬಡಿದಳು. ತಮ್ಮ ಬೆಂಕಿ ಕಬ್ಬಿಣದ ಬಾಗಿಲ ಹಿಂದೆ ಗೋಷಾದಲ್ಲಿರುವುದರಿಂದ ಆ ರೊಟ್ಟಿ ಉಬ್ಬಲಿಲ್ಲ. ಅದನ್ನೂ ಸಹಿಸಿದಳು. ಸಹಿಸಲಾರದೆ ಹೋದದ್ದು ತಮ್ಮ ಶುಚಿತ್ವವನ್ನು.

ನನ್ನ ಇಂಗ್ಲಿಷು ಕಾಲೇಜಿನಲ್ಲಿ ಇಂಟರಿನ ತನಕ ಬಂದು ಅಲ್ಲಿಯೇ ಇಳಿದುಕೊಂಡದ್ದು. ನಾಟ್‌ವಿಥ್‌ಸ್ಟ್ಯಾಂಡಿಂಗ್ ಎಂಬ ಘನವಾದ ಶಬ್ದವೊಂದು ಮಾತ್ರ ನೆನಪಿನಲ್ಲಿ ಉಳಿದಿದೆ. ಎಲ್ಲಿ ಹಾಕಬೇಕೆಂಬುದು ಮರೆತಿರುವುದರಿಂದ ತಮ್ಮ ಗೌರವಾರ್ಥ ಇಲ್ಲಿಯೇ ಹಾಕಿಬಿಟ್ಟಿದ್ದೇನೆ. ಆದರೂ ತಮ್ಮ ಸಂಗಡ ಬಂದ ಕೈಪಿಡಿಯಲ್ಲಿ ಇಷ್ಟು ತಿಳಿಯಿತು: ಮೊದಲು ಜಿಡ್ಡು ಒರೆಸಬೇಕು, ಆಮೇಲೆ ಡಬ್ಬಿಯ ಕರಿ ಪಾಲಿಶು ಬಳಿದು, ಮುಖ ಕಾಣುವ ತನಕ ತಿಕ್ಕಬೇಕು. ತಿಕ್ಕಿದೆ. ಮುಖವೂ ಕಂಡಿತು, ಕೈಪಿಡಿಯವರು ಅದಕ್ಕೇನೂ ಪರಿಹಾರ ಬರೆದಿರಲಿಲ್ಲ.

ನಮ್ಮಲ್ಲಿ ಒಲೆ ಶುಚಿಯಾಯಿತೆಂದರೆ ಬೆಳಗಾಗೆದ್ದು ಬೂದಿ ತೆಗೆದು, ಸೆಗಣಿ ಕೆಮ್ಮಣ್ಣು ಸಾರಿಸಿ, ಸುಣ್ಣದ ಎಳೆ ಎಳೆದಾಯಿತೆಂದು ಅರ್ಥ. ಸಾರಿಸದ ಒಲೆ ಸಾವಿನ ಮನೆಯ ಗುರುತು. ನೆರೆಮನೆಯ ದಾನವ್ವ ಹೆಪ್ಪಿಗೆಂದು ಬಂದವಳು ತಮ್ಮ ಕರಿ ಮೈಯನ್ನು ನೋಡಿ, "ಅಯ್ಯ ಅಕ್ಕಾರ, ಒಲಿ ಸಾರಿಸಿಲ್ಲಲ್ರಿ, ಯಾರು ಹ್ವಾದರ್ರಿ?" ಎಂದು ಕಣ್ಣಿಗೆ ಸೆರಗು ಒತ್ತಿಕೊಂಡಳು. ನಾನು ಬಾಗಿಲಲ್ಲಿ ಕಾಣಿಸಿಕೊಂಡ ಮೇಲೆ ಆಕೆಗೆ ಸ್ವಲ್ಪ ನಿರಾಶೆಯೇ ಆದಂತೆ ತೋರಿತು.

ಮರುದಿನದಿಂದ ಅಕ್ಕ ತಮ್ಮ ಮೈಗೆಲ್ಲ ಸೆಗಣಿ ಸಾರಿಸತೊಡಗಿದಳು. ತಾವು ಕಾದೊಡನೆ ಅದು ಹಪ್ಪಳದಂತೆ ಎದ್ದು ಬೇಳೆಯ ಸಾರಿಗೆ ಬಿತ್ತು. ಮಧ್ಯಾಹ್ನ ಆಕೆ ಅಡ್ಡಾದಾಗ ನಾನು ಚೂರಿಯಿಂದ ಕೆರೆದು ಕರಿ ಬಳಿದೆ. ಬೆಳಿಗ್ಗೆ ಆಕೆ ಕರಿಯ ಮೇಲೆ ಮತ್ತೆ ಸೆಗಣಿ ಬಳಿದಳು. ಹೀಗೆ ತಾವು ಎರಡು ಧರ್ಮದವರಿಂದಲೂ ಪೂಜೆ ಮಾಡಿಸಿಕೊಳ್ಳುತ್ತ, ಯಾರ ಪಕ್ಷವನ್ನೂ ವಹಿಸದೆ, ಎಷ್ಟು ಗಂಭೀರವಾಗಿ ಹೊಗೆಯುಗುಳುತ್ತಿದ್ದಿರೆಂಬುದನ್ನು ನಾನು ಮೆಚ್ಚಲೇಬೇಕು. ನಿನ್ನೆ ನಾನು ಮಸಿ ತೊಳೆದುಕೊಂಡು ಬಂದಾಗ ಆಕೆ ತೀರ್ಪು ಕೊಟ್ಟಳು: "ಈ ಮನ್ಯಾಗ ಈ ಕರೀ ದೆವ್ವರ ಇರಲಿ, ಇಲ್ಲಾ ನಾನರ ಇರತೇನಿ."

ತಮ್ಮನ್ನೇ ಕಳಿಸಿಕೊಡಬಹುದಿತ್ತು. ಆದರೆ ತಾವು ಬಂದಾಗ ಹಮಾಲರು ಗೋಡೆ ಒಡೆದು ಒಳಗೆ ತಂದದ್ದು, ಆ ಗೋಡೆಯನ್ನು ಮತ್ತೆ ಕಟ್ಟಿಸಿಯಾಗಿದೆ. ಅಕ್ಕನಿಗೆ ಬಾಗಿಲು ಸಾಕು. ತೊಂದರೆ ಇರುವುದೇ ಅಲ್ಲಿ. ಆಕೆ ಹೋದರೆ ಈ ಮನೆಯಲ್ಲಿ ನನ್ನನ್ನು ಬೈಯುವವರು ಇರುವುದಿಲ್ಲ. ತಾವು ಬೈಯಲಾರಿರಿ, ಕಾಯುತ್ತೀರಿ ಅಷ್ಟೇ.

ಆದ್ದರಿಂದ ನಮ್ರ ಪ್ರಾರ್ಥನೆಯೇನೆಂದರೆ, ತಾವು ದಯವಿಟ್ಟು ಇಂದು ಸಂಜೆಯೊಳಗಾಗಿ ಒಂದು ಮೊಳ ಗಿಡ್ಡಾಗಬೇಕು. ಬೆಳಿಗ್ಗೆ ಮಣ್ಣಿನವರಾಗಿದ್ದು ಮಧ್ಯಾಹ್ನ ಕಬ್ಬಿಣದವರಾಗಬೇಕು. ಇದಾವುದೂ ತಮ್ಮ ಕೈಲಾಗದಿದ್ದರೆ ಅಕ್ಕನ ಕ್ಷಮೆಯನ್ನಾದರೂ ಕೇಳಬೇಕು, ಅದೂ ಧಾರವಾಡದ ಕನ್ನಡದಲ್ಲಿ, ಏಕೆಂದರೆ ಇಂಗ್ಲಿಷಿನಲ್ಲಿ ಕೇಳಿದರೆ ನಾನು ಅರ್ಥ ಹೇಳಬೇಕಾಗಿ ಬಂದು ಹೊಸ ಜಗಳವಾದೀತು.

ತಡೆಯಿರಿ, ಆಕೆಯೇ ಒಳಗೆ ಬಂದಳು.

ಒಲೆಗೆ ಕೈಮುಗಿಯದೆ ಮನೆ ಬಿಡುವವಳಲ್ಲ. ಕೊನೆಯ ಸಲವೆಂದು ಮಧ್ಯಾಹ್ನ ನಾನು ರಟ್ಟೆ ಸೋಲುವ ತನಕ ತಮ್ಮನ್ನು ತಿಕ್ಕಿದ್ದೇನೆ; ಹೊರಟು ನಿಂತ ಮಡಿಸೀರೆಯಲ್ಲಿ ಆಕೆ ಸೆಗಣಿ ಮುಟ್ಟುವಂತಿಲ್ಲ. ಚಿಪ್ಪಿನ ಸುಣ್ಣದಲ್ಲಿ ಬೆರಳದ್ದಿ, ತಮ್ಮ ಎದೆಯ ಮೇಲೆ ಶಾಸ್ತ್ರಕ್ಕೊಂದು ಎಳೆ ಎಳೆದಳು. ನಿಂತಳು. ಹಿಂದೆ ಸರಿದು ತಲೆ ವಾರೆ ಮಾಡಿದಳು. ಕೆಮ್ಮಣ್ಣಿನ ಮೇಲೆ ಯಾವ ಎಳೆಯೂ ಹೀಗೆ ಎದ್ದು ಕಂಡಿದ್ದಿಲ್ಲ. ಪಕ್ಕದಲ್ಲಿ ಇನ್ನೊಂದು ಎಳೆದಳು, ಅದಕ್ಕೊಂದು ಕಮಲ, ಕೆಳಗೆ ಕೇಕು ಬೇಯಿಸುವ ಗೂಡಿನ ಬಾಗಿಲಿಗೆ ತೊಟ್ಟಿಲಿನ ಚಿತ್ರ. ಹೊರಗೆ ಗೆಜ್ಜೆ ಸಪ್ಪಳ, "ಅಕ್ಕಾರ, ಗಾಡಿ ಹೊತ್ತಾತ್ರಿ!" ಎಂದು ಕಾಸಿಮಸಾಬ ಕೂಗಿದ. ಆಕೆ ತಿರುಗಿಯೂ ನೋಡದೆ, "ಇವತ್ತ ಬ್ಯಾಡ ಹೋಗಪಾ, ಕೈಯಾಗ ಕೆಲಸ ಐತಿ," ಎಂದಳು. ಆಮೇಲೆ ನನಗೆ: "ಎಡಕ ಇನ್ನೂ ಮಾಸಲ ಉಳದೈತಿ. ನಾಳಿ ಛಲೋತ್ನಂಗ ಕರ್ರಗ ತಿಕ್ಕು."

ನಾಳೆಯಿಂದ ಪ್ರತಿದಿನವೆಂದು ತಿಳಿಯುತ್ತದೆ. ಇನ್ನೂ ಬರೆಯುವುದಿತ್ತು, ಆದರೆ ಬೆಳಕಿಂಡಿ ಮಬ್ಬಾಗಿದೆ, ಅಕ್ಷರ ಕಾಣುತ್ತಿಲ್ಲ. ತಮ್ಮ ಮೈಮೇಲಿನ ಬಿಳಿ ಎಳೆಗಳಷ್ಟೇ ಕಾಣುತ್ತಿವೆ. "ದೀಪ ಹಚ್ಚೂ ಹೊತ್ತಿನ್ಯಾಗ ಹೊಸ್ತಲ ಮ್ಯಾಲ ಕುಂತು ಏನ್ ಬರೀತಿಯೋ, ಏಳ!" ಎಂದು ಬೈಗುಳ ಶುರುವಾಗಿದೆ. ಏಳುತ್ತೇನೆ.

ತಮ್ಮ ವಿಶ್ವಾಸಿ, ಹಾಗೂ ಇಂದಿನಿಂದ ತಮ್ಮ ಕಾಯಂ ತಿಕ್ಕುವವ,
ಮಹಾಂತಯ್ಯ

ತಾ. ಕ.: ಸಾಹೇಬರ ಕೇಕು ಬೆಂದ ತಮ್ಮ ಹೊಟ್ಟೆಯೊಳಗೆ ಅಕ್ಕ ಮಳೆಗಾಲದ ಸೆಗಣಿ ಕುಳ್ಳು ಒಣಗಲು ಇಡುವವಳಿದ್ದಾಳೆ. ಸೆಗಣಿ ಮೈಮೇಲೆ ನಿಲ್ಲದೆಂದು ಉದುರಿಸಿದವರು ತಾವೇ, ಇನ್ನು ಒಳಗಿಟ್ಟುಕೊಳ್ಳಿರಿ.