ಆರು ಪರದೆ, ನಾಲ್ಕು ಕಿಟಕಿ ಮತ್ತು ತಮ್ಮ ಅಲ್ಪವಿರಾಮಗಳು

ಕನ್ನಡ–ಇಂಗ್ಲಿಷ್ ನಿಘಂಟಿನ ಸಂಪಾದಕರಾದ ಮಾನ್ಯರೇ,

ತಮಗೂ, ತಮ್ಮ ಸಾವಿರದಾರುನೂರು ಪುಟಗಳಿಗೂ, ಅವನ್ನು ಹೊತ್ತು ಹೊತ್ತು ಸೊಂಟ ಹಿಡಿಸಿಕೊಂಡಿರುವ ನನ್ನ ಮೇಜಿಗೂ ಒಳ್ಳೆಯದಾಗಲಿ ಎಂದು ಹಾರೈಸುತ್ತೇನೆ.

ನಾನು ಪರದೆ ಅಂಗಡಿಯೊಂದರ ಗುಮಾಸ್ತ. ನಮ್ಮ ಮ್ಯಾನೇಜರಿಗೆ ಕನ್ನಡ ಬಾರದ್ದರಿಂದ ಗಿರಾಕಿಗಳ ಕಾಗದಗಳನ್ನು ಇಂಗ್ಲಿಷಿಗೆ ಇಳಿಸಿಕೊಡುವುದು ನನ್ನ ಕೆಲಸ. ಕಳೆದ ವಾರ ನಿವೃತ್ತ ನರ್ಸಮ್ಮ ಒಬ್ಬರು, ನಮ್ಮ ಹಿರಿಯ ಸೇಲ್ಸ್‌ಮನ್ ತನ್ನನ್ನು ಮರುಳು ಮಾಡಿದ್ದಾಗಿಯೂ, ನಾಲ್ಕೇ ಕಿಟಕಿಯ ಮನೆಗೆ ತಾನು ಆರು ಪರದೆ ಒಯ್ದದ್ದಾಗಿಯೂ, ಮಿಕ್ಕ ಎರಡನ್ನು ಬರೀ ಗೋಡೆಗೆ ತೂಗುಹಾಕಿ ಖುಷಿಯಾಗಿರುವುದಾಗಿಯೂ ಮೆಚ್ಚಿ ಬರೆದರು.

‘ಮರುಳು ಮಾಡು’ ಎಂಬಲ್ಲಿ ತಾವು ಡಿಸೀವ್, ಮಿಸ್‌ಲೀಡ್, ಡಿಲ್ಯೂಡ್, ಬಿಗೈಲ್, ಡಿಫ್ರಾಡ್ ಎಂದು ಐದು ಪದಗಳನ್ನು, ನಡುವೆ ಅಲ್ಪವಿರಾಮ ಬಿಟ್ಟರೆ ಬೇರೇನೂ ಇಲ್ಲದಂತೆ ಕೂರಿಸಿದ್ದೀರಿ. ಆಹಾ, ಎಂಥ ಸಮಾನತೆ! ಬೇಕೆಂದೇ ಸುಳ್ಳು ನಂಬಿಸುವವನು, ತಿಳಿದೋ ತಿಳಿಯದೆಯೋ ದಾರಿ ತಪ್ಪಿಸುವವನು, ಇಲ್ಲದ್ದರ ಭ್ರಮೆ ಹತ್ತಿಸುವವನು, ಸವಿಮಾತಿನಿಂದ ಮನಸ್ಸು ಗೆಲ್ಲುವವನು, ಹಣ ಲಪಟಾಯಿಸಿ ಪರಾರಿಯಾಗುವವನು, ಐವರಿಗೂ ಒಂದೇ ಸಾಲು. ನಾನು ಕೊನೆಯದನ್ನು ಆರಿಸಿದೆ. ಕಚೇರಿಯ ಕಾಗದಕ್ಕೆ ಅದೇ ಗತ್ತಾಗಿ ಕಂಡಿತು.

ಮೊದಲ ಸಾಲು ದಾಟಿ ಓದುವ ಅಭ್ಯಾಸವಿಲ್ಲದ ನಮ್ಮ ಮ್ಯಾನೇಜರು ಆ ಸೇಲ್ಸ್‌ಮನ್ನನ್ನು ಅಂದೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಅವರು ಬೇರೆ ಯಾರೂ ಅಲ್ಲ, ನನ್ನ ಭಾವ; ಅವರೂ ಅಕ್ಕನೂ ನಾನೂ ಇರುವುದು ಒಂದೇ ಮನೆಯಲ್ಲಿ. ಇಪ್ಪತ್ತೆರಡು ವರ್ಷದಲ್ಲಿ ಒಂದು ಗೇಣು ಬಟ್ಟೆಯನ್ನೂ ಕಡಿಮೆ ಅಳೆಯದ ಮನುಷ್ಯ, ಈಗ ಟೇಪು ಹಿಡಿದು ಮನೆಯ ಕಿಟಕಿಗಳನ್ನೇ ಮತ್ತೆ ಮತ್ತೆ ಅಳೆಯುತ್ತಿದ್ದಾರೆ. ತಪ್ಪು ನಿಘಂಟಿನದು ಅಂದರೆ, ನಿನ್ನ ತಲೆಯೇನು ಬಾಡಿಗೆಗೆ ಹೋಗಿತ್ತಾ ಎಂದು ಕೇಳಿದ ಅಕ್ಕ ಅಲ್ಲಿಂದಾಚೆಗೆ ಬೈಗುಳ ಬಿಟ್ಟು ನನ್ನ ಜೊತೆ ಬೇರೆ ಮಾತೇ ಆಡಿಲ್ಲ.

ಆದ್ದರಿಂದ ತಾವು ನಿಘಂಟನ್ನು ತಲೆಯ ಮೇಲೆ ಹೊತ್ತು ಖುದ್ದಾಗಿ ಬಂದು, ಐದೂ ಪದಗಳನ್ನು ಐದು ಕುರ್ಚಿಗಳಲ್ಲಿ ಕೂರಿಸಿ ಅಕ್ಕನಿಗೆ ಪರಿಚಯಿಸಬೇಕೆಂದೂ, ಆಮೇಲೆ ಪ್ರಪಂಚದಲ್ಲಿರುವ ಪ್ರತಿಗಳನ್ನೆಲ್ಲ ವಾಪಸು ತರಿಸಿ ಬಿಗೈಲ್ ಪಕ್ಕ ನಮ್ಮ ಭಾವನ ಫೋಟೋ ಅಚ್ಚು ಹಾಕಿಸಬೇಕೆಂದೂ ಸವಿನಯವಾಗಿ ಕೋರುತ್ತೇನೆ.

ತಮ್ಮನ್ನು ನಂಬಿ ಅಕ್ಕನ ಬಾಯಿಗೆ ಸಿಕ್ಕಿಬಿದ್ದ,
ತಮ್ಮ ವಿಶ್ವಾಸಿ,
ಪರದೆ ಅಂಗಡಿಯ ಗುಮಾಸ್ತ

ಮರೆಯುವ ಮುನ್ನ: ಈ ಐದರ ವ್ಯತ್ಯಾಸವನ್ನು ತಾವು ನಿಘಂಟಿನ ಕಟ್ಟಕಡೆಗೆ ಒಂದು ಪುಟ ತುಂಬ ವಿವರಿಸಿದ್ದೀರಿ; ಯಾರೂ ಕಾಲಿಡದ ಮೂಲೆಯಲ್ಲಿ ಅದನ್ನು ಬಚ್ಚಿಟ್ಟ ತಮ್ಮ ಜಾಣತನಕ್ಕೆ ಜೈ. ಭಾವ ಮನೆಗೆ ಹೋದ ದಿನವೇ ಅದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೂ ಅಕ್ಕನ ಮುಂದೆ ತಪ್ಪೆಲ್ಲ ತಮ್ಮ ನಿಘಂಟಿನ ಮೇಲೆ ಹಾಕಿದೆ. ಅದಕ್ಕೆ ಡಿಸೀವ್ ಎನ್ನಬೇಕೆಂದು ಪುಟದಲ್ಲಿ ಸ್ಪಷ್ಟವಾಗಿದೆ. ಇವತ್ತು ಬೆಳಗ್ಗೆ ತಪ್ಪು ನನ್ನದೆಂದು ಮ್ಯಾನೇಜರಿಗೆ ಬರೆದುಕೊಟ್ಟೆ. ನಾಳೆಯಿಂದ ಭಾವ ಅಂಗಡಿಗೆ, ನಾನು ಮನೆಗೆ. ಅಕ್ಕನ ಕೈಲಿ ಬೈಸಿಕೊಳ್ಳಲು ಬೇಕಾದಷ್ಟು ಹೊತ್ತು ಸಿಕ್ಕಿತು.