ಬೆಟ್ಟದ ಓಟಕ್ಕೆ ಅಜ್ಜಿಯ ಕಾವಲು

ನನ್ನ ಮೊಮ್ಮಗಳು ಸಿಂಚನ ಬೆಟ್ಟದ ಓಟ ಮುಗಿಸಿದಳು! ಇಪ್ಪತ್ತೊಂದು ಕಿಲೋಮೀಟರು. ಅದೂ ಟಾರು ರಸ್ತೆಯಲ್ಲಲ್ಲ. ಕಲ್ಲು, ಮುಳ್ಳು, ಹಳ್ಳ, ಏರು, ಇಳಿಜಾರು. ಈ ಸುದ್ದಿಯನ್ನು ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿಗೆ ಹೇಳಿದೆ, ಕಂಡಕ್ಟರಿಗೆ ಹೇಳಿದೆ, ಮದ್ದೂರಿನಲ್ಲಿ ಇಳಿದು ವಡೆ ಕಟ್ಟಿಸಿಕೊಳ್ಳುವಾಗ ವಡೆಯವನಿಗೂ ಹೇಳಿದೆ. ಅವನು, "ಯಾವ ನಾಯಿ ಅಟ್ಟುಸ್ಕೊಂಡು ಬಂತವ್ವ?" ಎಂದು ಕೇಳಿದ. ನನಗೇನೂ ಬೇಜಾರಾಗಲಿಲ್ಲ. ಖುಷಿ ಉಕ್ಕುವಾಗ ಎದುರಿಗಿದ್ದವರಿಗೆ ಅರ್ಥವಾಗಲೇಬೇಕೆಂಬ ಹಟ ಇರುವುದಿಲ್ಲ, ಕಿವಿ ಇದ್ದರೆ ಸಾಕು. ಊರಲ್ಲೆಲ್ಲ ಹೇಳಿ ಆಯಿತು. ಇನ್ನು ಉಳಿದವರು ನೀವು.

ನಮ್ಮ ಕಡೆ ಕಾರಣವಿಲ್ಲದೆ ಯಾರೂ ಓಡುವುದಿಲ್ಲ. ಬಸ್ಸು ಹೊರಟಿರಬೇಕು, ಹಸು ಹಗ್ಗ ಕಿತ್ತುಕೊಂಡಿರಬೇಕು, ಇಲ್ಲವೇ ನಮ್ಮ ಗದ್ದೆಗೆ ಬಿಟ್ಟ ನೀರನ್ನು ಮೇಲಿನ ಗದ್ದೆಯವನು ತಿರುಗಿಸಿಕೊಂಡಿರಬೇಕು. ಸಿಂಚನ ವಿ.ಸಿ. ಫಾರಂ ಕಾಲೇಜಿನಲ್ಲಿ ಬೇಸಾಯದ ಓದು ಓದುತ್ತಾಳೆ. ಅಲ್ಲಿ ಹಾಸ್ಟೆಲಿನ ಗೆಳತಿಯರಿಂದ ಈ ಓಟ ಹಿಡಿಯಿತು. ರಜಕ್ಕೆ ಚಿಕ್ಕರಸಿನಕೆರೆ ಪಕ್ಕದ ನಮ್ಮೂರಿಗೆ ಬಂದರೂ ಬೆಳಗಾದರೆ ನಾಲೆ ಏರಿಯ ಮೇಲೆ ಓಟ. ಮೊದಲ ದಿನವೇ ನಮ್ಮ ಬೀದಿಯ ಕೆಂಪಣ್ಣ ಅವಳ ಪಕ್ಕ ಮೊಪೆಡ್ ನಿಧಾನ ಮಾಡಿ, "ಅತ್ಕೊ ಕಣವ್ವ, ಎಲ್ಗಂದ್ರೆ ಅಲ್ಗೆ ಬುಡ್ತೀನಿ" ಅಂದನಂತೆ. ಇವಳು ಬೇಡ ಅಂದರೂ ಬಿಡದೆ ನಾಲೆಯ ತೂಬಿನವರೆಗೂ ಹಿಂದೆಯೇ ಹೋಗಿ, ಆಮೇಲೆ ನೇರ ನಮ್ಮ ಜಗುಲಿಗೆ ಬಂದ. "ದೊಡ್ಡವ್ವ, ಮಗೀಗೆ ಯಾರು ಏನಂದ್ರಿ? ಮನೆ ಬುಟ್ಟು ಓಯ್ತಾ ಅದೆ!" ಎಂದು ನನಗೇ ಗದರಿದ. ಓಡುವುದಕ್ಕೇ ಓಡುತ್ತಾಳೆ ಎಂದೆ. ಅವನು ನನ್ನನ್ನು ನೋಡಿದ ನೋಟದಲ್ಲಿ ಮನೆಯವರೆಲ್ಲರ ಮೇಲೂ ಮರುಕವಿತ್ತು.

ಆದರೆ ನನಗೆ ಈ ಓಟ ಯಾಕೆ ಹಿಡಿಸಿತು ಎಂದು ಹೇಳಬೇಕು. ಸಿಂಚನ ಚಿಕ್ಕಂದಿನಿಂದ ಬಾಯಿಲ್ಲದ ಹುಡುಗಿ. ಶಾಲೆಯಿಂದ ಬರುವಾಗ ಬಸ್ಸು ನಮ್ಮ ಸ್ಟಾಪು ದಾಟಿದರೂ "ನಿಲ್ಸಿ" ಎಂದು ಕೂಗಲು ನಾಚಿಕೆ. ಮುಂದಿನ ಊರಿನಲ್ಲಿ ಇಳಿದು ಕಬ್ಬಿನ ಗದ್ದೆ ಬದುವಿನ ಮೇಲೆ ನಡೆದು ಬರುತ್ತಿದ್ದಳು. ಹೋದ ಸಲ ಚಾಮರಾಜನಗರದ ಕಡೆ ಓಡಲು ಹೋಗಿ ದಾರಿ ತಪ್ಪಿತು. ಹತ್ತು ಮಾರಿನಾಚೆ ಹೊಲದಲ್ಲಿ ಜನರಿದ್ದರೂ ಕೇಳದೆ ಬಂಡೆಯ ಮೇಲೆ ಕೂತಿದ್ದಳಂತೆ. ಓಟ ನಡೆಸುವವರೇ ಜೀಪಿನಲ್ಲಿ ಹುಡುಕಿ ಕರೆತಂದರು. ನನ್ನ ಮಗ, ಎಂದರೆ ಅವಳ ಅಪ್ಪ, ತೀರ್ಮಾನ ಮಾಡಿಬಿಟ್ಟ. "ಇದೊಂದು ಕಿತ ಓಡು. ಮುಗಿಸುದ್ರೆ ಗೆಳತೀರ ಜತೆ ಇಮಾಲಯಕ್ಕಾದ್ರೂ ಓಗು, ಬ್ಯಾಡ ಅನ್ನಲ್ಲ. ಮುಗಿಸ್ಲಿಲ್ಲ, ಆ ಬೂಟು ಅಟ್ಟಕ್ಕೆ." ಈ ಸಲದ ಓಟ ಮಳವಳ್ಳಿ ಆಚೆ, ನನ್ನ ತಂಗಿ ಸಣ್ಣಮ್ಮನನ್ನು ಕೊಟ್ಟ ಊರಿನ ಬೆಟ್ಟದಲ್ಲೇ. ನಾನು ಎದೆ ತಟ್ಟಿಕೊಂಡು, "ಜತೇಲಿ ನಾನಿರ್ತೀನಿ. ಅದೆಂಗೆ ಮುಗ್ಸಾಕಿಲ್ಲವೋ ನೋಡ್ತೀನಿ" ಎಂದೆ.

ಹಿಂದಿನ ದಿನವೇ ಹೋಗಿ ತಂಗಿಯ ಮನೆಯಲ್ಲಿ ಉಳಿದೆವು. ಬೆಳಗ್ಗೆ ಬೇಗನೆ ಎದ್ದು ಎದೆಗೆ ನಂಬರು ಚುಚ್ಚಿಕೊಂಡು ಸಿಂಚನ ಹೊರಟಳು. ಆರಕ್ಕೆ ಓಟ ಶುರು, ಹತ್ತರೊಳಗೆ ಮುಗಿಸಬೇಕು. ಅವಳನ್ನು ಕಳಿಸಿ, ಬೆಳಕು ಹರಿದ ಮೇಲೆ ನಾನೂ ತಂಗಿಯೂ ಅವಳ ಹೊಲದ ಕಡೆ ಹೋದೆವು. ಬದುವಿಗೆ ಕಾಲಿಟ್ಟವಳೇ ಸಣ್ಣಮ್ಮ ಬಾಯಿ ಬಡಿದುಕೊಂಡಳು.

"ಅಕ್ಕಯ್ಯ, ಕೆಟ್ಟೋಯ್ತು ಕಣಕ್ಕ! ಸರ್ವೆಯೋರು ಬಂದೋಗವ್ರೆ!"

ನೋಡಿದರೆ ಹುಣಸೆಮರದಿಂದ ಹಿಡಿದು ಅವಳ ಹೊಲದ ಉದ್ದಕ್ಕೂ ಪೊದೆಪೊದೆಗೆ ಕಿತ್ತಳೆ ಬಣ್ಣದ ಪಟ್ಟಿ. ನಮ್ಮೂರ ಹತ್ತಿರ ರಸ್ತೆ ಅಗಲ ಮಾಡಿದಾಗಲೂ ಮೊದಲು ಬಂದದ್ದು ಪಟ್ಟಿಯೇ. ಯಾರೋ ಮಕ್ಕಳು ಆಟಕ್ಕೆ ಕಟ್ಟಿದ್ದಾರೆ ಎಂದು ಆಗ ನಕ್ಕಿದ್ದೆವು. ಆಮೇಲೆ ಸುಣ್ಣದ ಗೆರೆ, ಅದರ ಹಿಂದೆ ಕಲ್ಲು, ಕಲ್ಲಿನ ಹಿಂದೆ ಜೆಸಿಬಿ. ನಮ್ಮ ತೆಂಗಿನ ಸಾಲು ಹೋಯಿತು. ಅಂದು ಪಟ್ಟಿಯನ್ನು ಕಿತ್ತು ಹಾಕಿದ್ದರೆ ಸಾಲು ಉಳಿಯುತ್ತಿತ್ತು ಎಂಬುದು ನಾನು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ನಂಬಿಕೆ. "ನೋಡ್ತಾ ನಿಂತಿದೀಯಲ್ಲೇ, ಕೀಳು!" ಎಂದೆ. ಇಬ್ಬರು ಮುದುಕಿಯರು ಹುಣಸೆಮರದಿಂದ ಶುರು ಮಾಡಿ ಒಂದೂ ಬಿಡದೆ ಕಿತ್ತೆವು. ಬೆಟ್ಟದಲ್ಲಿ ಓಟವಿದೆ ಎಂದು ಗೊತ್ತಿದ್ದೂ ಅದು ಈ ಹೊಲದ ಬದುವಿನ ಮೇಲೇ ಹಾದುಹೋಗುತ್ತದೆಂದು ನಮಗೆ ಹೊಳೆಯಲಿಲ್ಲ. ಓಟದವರು ಪಂಚಾಯ್ತಿಗೆ ಹೇಳಿದ್ದರಂತೆ, ಪಂಚಾಯ್ತಿಯವರು ಸಣ್ಣಮ್ಮನ ಗಂಡನಿಗೆ ಹೇಳಿದ್ದರಂತೆ. ಗಂಡಸರಿಗೆ ಹೇಳಿದ ಮಾತು ಅಡಿಗೆಮನೆ ತಲುಪಬೇಕೆಂದು ಯಾವ ಕಾನೂನಿದೆ?

ಮಡಿಲ ತುಂಬ ಪಟ್ಟಿ ಇಟ್ಟುಕೊಂಡು ಹೊಲದ ಆ ತುದಿಗೆ ಬಂದಿದ್ದೆವು. ಚಡ್ಡಿ ಹಾಕಿದ ಒಬ್ಬ ತೆಳ್ಳನೆ ಯುವಕ ಏದುತ್ತ ಓಡಿ ಬಂದ. ಸಣ್ಣಮ್ಮ ಸೊಂಟಕ್ಕೆ ಕೈ ಕೊಟ್ಟು ಅಡ್ಡ ನಿಂತಳು.

"ಸರ್ವೆ ಮಾಡಾಕೆ ಬಂದೋನು ನೀನೇ ಏನ್ಲಾ? ಈ ಚಡ್ಡೀಲಾ?"

"ಸರ್ವೆ ಅಲ್ಲ ಅಜ್ಜಿ, ರೇಸು. ಇಲ್ಲಿ ದಾರಿಗೆ ರಿಬ್ಬನ್ ಕಟ್ಟಿರ್ಬೇಕಿತ್ತಲ್ಲ..." ಎನ್ನುತ್ತಿದ್ದವನ ಕಣ್ಣು ನನ್ನ ಮಡಿಲ ಮೇಲೆ ಬಿತ್ತು. ಅವನು ಒಳ್ಳೆಯ ಮನೆಯ ಮಗ. ಆ ದಾರಿಯನ್ನು ಮೊದಲೇ ಓಡಿ ನೋಡಿದ್ದನಂತೆ, ಕೈ ಮುಗಿದು ಮುಂದೆ ಹೋದ.

ಆಗ ನಾನು ಬಂದ ದಾರಿಯಲ್ಲೇ ವಾಪಸ್ಸು ಓಡಿದೆ. ಮದುವೆಯಾದ ಮೇಲೆ ಅದೇ ಮೊದಲು. ಹುಣಸೆಮರದ ಹತ್ತಿರ ದಾರಿ ಎರಡಾಗುತ್ತದೆ. ಬಲಕ್ಕೆ ಹೊಲ, ಎಡಕ್ಕೆ ಕೆರೆ, ಕೆರೆಯಾಚೆ ಕಾಡಂಚು. ಎಡದ ದಾರಿಯ ಹಸಿ ಮಣ್ಣಿನಲ್ಲಿ ಏಳೆಂಟು ಜನರ ಬೂಟಿನ ಗುರುತು. ಅದರಲ್ಲಿ ಸಿಂಚನಳದು ಇದೆಯೋ ಇಲ್ಲವೋ? ಆ ಬೂಟನ್ನು ತಿಂಗಳುಗಟ್ಟಲೆ ಬೈದಿದ್ದೆ, ಒಂದು ದಿನವೂ ತಿರುಗಿಸಿ ಅಡಿ ನೋಡಿರಲಿಲ್ಲ. ಕೂಗಿದೆ, ಕೊಕ್ಕರೆ ಹಾರಿತು. ಕಿತ್ತದ್ದನ್ನೆಲ್ಲ ಮತ್ತೆ ಕಟ್ಟಿದೆವು, ಯಾವ ಪೊದೆಗೆ ಯಾವುದು ಎಂದು ಜಗಳವಾಡುತ್ತ. ಇನ್ನು ಬರುವವರಿಗೆ ಕೈ ತೋರಿಸಲು ಸಣ್ಣಮ್ಮನನ್ನು ಮರದ ಕೆಳಗೆ ನಿಲ್ಲಿಸಿ, ಅವಳ ಮಗನ ಬೈಕಿನಲ್ಲಿ ಓಟ ಮುಗಿಯುವ ಬಯಲಿಗೆ ಹೋದೆ.

ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಬಂದವರಲ್ಲಿ ನನ್ನ ಹುಡುಗಿ ಇಲ್ಲ. ಎಲ್ಲೋ ಬಂಡೆಯ ಮೇಲೆ ಕೂತಿದ್ದಾಳೆ, ಬಾಯಿ ಬಿಡುವುದಿಲ್ಲ, ಬೂಟು ಅಟ್ಟಕ್ಕೆ ಹೋಯಿತು, ಹಾಕಿದವಳು ನಾನು. ಮೈಕು ಹಿಡಿದ ಹೆಣ್ಣುಮಗಳು ಹತ್ತಿರ ಬಂದು ಯಾರಿಗೆ ಕಾಯುತ್ತಿದ್ದೀರಿ ಎಂದು ಕೇಳಿದಳು. ಮೊಮ್ಮಗಳಿಗೆ ಎಂದೆ. "ಮೊಮ್ಮಗಳಿಗೆ ದಾರಿ ಕಾಯ್ತಿರೋ ಈ ಅಜ್ಜಿಗೆ ಒಂದು ಜೋರು ಚಪ್ಪಾಳೆ!" ಎಂದು ಕೂಗಿದಳು. ಬಯಲೆಲ್ಲ ತಟ್ಟಿತು. ಅಂಥ ಏಟು ನನ್ನ ಅತ್ತೆಯಿಂದಲೂ ನಾನು ತಿಂದಿರಲಿಲ್ಲ.

ಹತ್ತಕ್ಕೆ ನಾಲ್ಕು ನಿಮಿಷವಿದ್ದಾಗ ಬಯಲಿನಾಚೆ ಏರಿಯ ಮೇಲೆ ಧೂಳೆದ್ದಿತು. ಮುಂದೆ ಸಿಂಚನ, ಅವಳ ಹಿಂದೆ ಸಾಲಾಗಿ ಏಳು ಜನ, ಅದರಲ್ಲಿ ಇಬ್ಬರು ಮೀಸೆ ಗಂಡಸರು. ಗೆರೆ ದಾಟಿ ನನ್ನ ಮೇಲೆ ಬಿದ್ದಳು. "ದಾರಿ ತಪ್ತು ಅಜ್ಜಿ! ಎಲ್ರೂ ಫೋನ್ ಹಿಡ್ಕಂಡು ನಿಂತ್ಬುಟ್ರು, ಸಿಗ್ನಲ್ಲೇ ಇಲ್ಲ. ದೂರದಲ್ಲಿ ಒಬ್ಬವ್ವ ಮೇಕೆ ಮೇಯಿಸ್ತಾ ಇದ್ಲು. ಕೂಗಿ ಕೇಳ್ದೆ."

"ಯಾರು ಕೇಳುದ್ದು?"

"ನಾನೇ. ಒಂದ್ಸಲಕ್ಕೆ ಕೇಳಿಸ್ನಿಲ್ಲ ಅಂತ ಇನ್ನೂ ಜೋರಾಗಿ ಕೂಗ್ದೆ. ಆಮೇಲೆ ಇವ್ರನ್ನೆಲ್ಲ ಬನ್ನಿ ಅಂತ ನಾನೇ ಕರ್ಕಬಂದೆ!"

ಮೂರನೇ ಕ್ಲಾಸಿಗೆ ಓದು ಬಿಟ್ಟವಳು ನಾನು, ಆ ಖುಷಿಗೆ ನನ್ನ ಹತ್ತಿರ ಮಾತಿಲ್ಲ. ಅತ್ತುಬಿಟ್ಟೆ ಅಷ್ಟೆ. ಮೈಕಿನವಳು ಅದಕ್ಕೂ ಚಪ್ಪಾಳೆ ಹೊಡೆಸಿದಳು.

ಸಾಯಂಕಾಲ ಮನೆಯಲ್ಲಿ ಸೊಸೆ ನಾಟಿಕೋಳಿ ಸಾರು, ಮುದ್ದೆ ಮಾಡಿದ್ದಳು. ಎಲ್ಲರೂ ಒಟ್ಟಿಗೆ ಕೂತೆವು. ದಾರಿಯ ರಿಬ್ಬನ್ನನ್ನು ಯಾರೋ ಕಿತ್ತಿದ್ದರೆಂದು ಓಟದವರಿಂದ ತಿಳಿದದ್ದನ್ನು ಸಿಂಚನ ಹೇಳಿದಳು. ಮಗ ತನ್ನ ಮಾತಿನಂತೆ ಹಿಮಾಲಯಕ್ಕೆ ಒಪ್ಪಿಗೆ ಕೊಟ್ಟು, "ಅಲ್ಲ ಕಣವ್ವ, ಆ ರಿಬ್ಬನ್ನ ಕಿತ್ತೋರಿಗೆ ಬುದ್ಧಿ ಬ್ಯಾಡ್ವಾ? ಎಂಥಾ ಜನವೋ!" ಎಂದ. ನಾನು ತಲೆ ಬಗ್ಗಿಸಿ ಮುದ್ದೆ ಮುರಿದೆ. ಸಿಂಚನ, "ಅವ್ರು ಕಿತ್ತಿದ್ದೇ ಒಳ್ಳೇದಾಯ್ತು ಬುಡಪ್ಪ. ಇಲ್ದಿದ್ರೆ ನಾನು ಯಾರ್ನೂ ಕೇಳ್ತಿರ್ಲಿಲ್ಲ" ಎಂದಳು. ಅಷ್ಟು ಹೊಗಳಿಕೆ ಬೇರೆಯವರ ಹೆಸರಿಗೆ ಹೋಗುವುದನ್ನು ನೋಡಿಕೊಂಡು ಕೂರಲು ನನ್ನಿಂದಾಗಲಿಲ್ಲ. "ಕಿತ್ತೋಳು ನಾನೇ ಕಣವ್ವ" ಎಂದುಬಿಟ್ಟೆ.

ಎಲ್ಲರ ಕೈಯಲ್ಲೂ ತುತ್ತು ನಿಂತಿತು. ಸಿಂಚನ ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಕೈ ಚಾಚಿ, ನನ್ನ ತಟ್ಟೆಯಲ್ಲಿದ್ದ ಕೋಳಿ ಕಾಲನ್ನು ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು. "ದಂಡ ಕಣಜ್ಜಿ, ಏಳು ಜನದ್ದೂ ಸೇರಿ" ಎಂದಳು. ಮಗ ನಕ್ಕು ನಕ್ಕು ಕೆಮ್ಮಿದ, ಸೊಸೆ ನೀರು ತಂದಳು. ಬಾಯಿಲ್ಲದ ಹುಡುಗಿ ಎಂದು ಇಷ್ಟು ವರ್ಷ ಮರುಗಿದವಳು ನಾನು. ಬರೀ ಸಾರಿನಲ್ಲಿ ಅದ್ದಿ ಅದ್ದಿ ಎರಡು ಮುದ್ದೆ ಉಂಡೆ.